ಸಿ.ಡಿ.ಯಿಂದ ಹಾಡು ‘ರಿಪ್’ ಮಾಡುವುದಕ್ಕೆ ಕನ್ನಡ ಪದ ಬೇಕು (ತುರ್ತು)

ಎಲ್ಲರಿಗೂ ನಮಸ್ಕಾರ.

ಹಾಡಿನ ಫೈಲುಗಳನ್ನು ಒಂದು ನಮೂನೆಯಿಂದ ಇನ್ನೊಂದಕ್ಕೆ ಬದಲಿಸುವ, ಸಿ.ಡಿ.ಯಲ್ಲಿರುವ ಹಾಡುಗಳನ್ನು ಕಂಪ್ಯೂಟರಿಗೆ ತರುವ (ಇದೇ ‘ರಿಪ್’) ಮುಕ್ತ ತಂತ್ರಾಂಶವೊಂದನ್ನು ಕನ್ನಡಕ್ಕೆ ಅನುವಾದಿಸುತ್ತಿದ್ದೇನೆ. ನಾಳೆ ರಾತ್ರಿಯೊಳಗೆ ಒಪ್ಪಿಸಬೇಕು. ಉಳಿದದ್ದೆಲ್ಲ ಮುಗಿದಿದೆ, ‘ರಿಪ್’ ಮಾತ್ರ ಹದಿನೇಳು ಕಡೆ ಹಾಗೆಯೇ ಕುಳಿತಿದೆ. ಗುಂಡಿಯ ಮೇಲೆ ಆಜ್ಞೆಯಾಗಿ ಬರುತ್ತದೆ, ಕೆಲಸ ನಡೆಯುವಾಗ ‘4ನೆಯ ಹಾಡು ರಿಪ್ ಆಗುತ್ತಿದೆ’ ಎಂದು ಬರುತ್ತದೆ, ಮುಗಿದ ಮೇಲೆ ಒಮ್ಮೆ, ಆಯ್ಕೆಗಳ ಪುಟದಲ್ಲಿ ನಾಮಪದವಾಗಿ ಇನ್ನೊಮ್ಮೆ. ಎಲ್ಲ ರೂಪಕ್ಕೂ ಒಗ್ಗುವ ಪದವಾಗಬೇಕು. ಗುಂಡಿ ಚಿಕ್ಕದು. ಎರಡು ಪದ ಮೀರಿದರೆ ಸಾಲು ಮುರಿದು, ಕೆಳಗಿನ ಸಾಲಿನ ಒತ್ತಕ್ಷರಗಳು ಅರ್ಧ ಕತ್ತರಿಸಿದಂತೆ ಕಾಣುತ್ತವೆ.

ಸದ್ಯಕ್ಕೆ ‘ಪರಿವರ್ತಿಸು’ ಎಂದು ಹಾಕಿದ್ದೇನೆ. ಆದರೆ ಪಕ್ಕದ ‘ಕನ್ವರ್ಟ್’ ಗುಂಡಿಯ ಮೇಲೂ ಅದೇ ಇದೆ. ದಯವಿಟ್ಟು ಬೇಗ ತಿಳಿಸಿ.

ಮರು: ‘ರಿಪ್’

ಸೀಳು. ಇಂಗ್ಲಿಷಿನಲ್ಲೂ ಆ ಪದದ ಅರ್ಥ ಅದೇ. ಕನ್ನಡದ ಸ್ವಂತ ಧಾತು, ಎರಡೇ ಅಕ್ಷರ. ಸೀಳುತ್ತಿದೆ, ಸೀಳಿತು, ಸೀಳಿಕೆ. ಇಷ್ಟಕ್ಕೆ ಚರ್ಚೆಯೇ ಬೇಕಿರಲಿಲ್ಲ.

ಮರು: ‘ರಿಪ್’

‘ಸೀಳು’ ಬೇಡವೇ ಬೇಡ. ‘ಹಾಡು ಸೀಳುತ್ತಿದೆ’ ಎಂದು ಪರದೆಯ ಮೇಲೆ ಕಂಡರೆ ಯಾರಾದರೂ ಗಾಬರಿಯಾಗಿ ಡಿಸ್ಕನ್ನು ಈಚೆಗೆ ತೆಗೆಯುತ್ತಾರೆ. ಪಾರಿಭಾಷಿಕ ಪದಕ್ಕೆ ಗಾಂಭೀರ್ಯ ಇರಬೇಕು. ‘ಧ್ವನಿ ನಿಷ್ಕರ್ಷಣ’ ಎನ್ನಿ. ಒಳಗಿನದನ್ನು ಹೊರಕ್ಕೆ ಸೆಳೆಯುವುದು ಎಂಬ ಅರ್ಥ ಧಾತುವಿನಲ್ಲೇ ಇದೆ. ನಿಷ್ಕರ್ಷಿಸು, ನಿಷ್ಕರ್ಷಿತ, ನಿಷ್ಕರ್ಷಕ, ಎಲ್ಲ ರೂಪಗಳೂ ಸಿದ್ಧವಾಗಿವೆ.

ಮರು: ‘ರಿಪ್’

ಎರಡೂ ಸಲ್ಲ. ‘ನಿಷ್ಕರ್ಷೆ’ ಕನ್ನಡದಲ್ಲಿ ‘ತೀರ್ಮಾನ’ ಎಂಬ ಅರ್ಥಕ್ಕೆ ನಿಂತು ಬಹಳ ಕಾಲವಾಯಿತು. ‘4ನೆಯ ಹಾಡು ನಿಷ್ಕರ್ಷೆಯಾಗಿದೆ’ ಎಂದರೆ ಯಾವ ಹಾಡು ಹಾಡಿಸಬೇಕೆಂದು ಸಭೆ ನಿರ್ಧರಿಸಿದೆ ಎಂದಾಗುತ್ತದೆ. ಸಂಸ್ಕೃತದ ಧಾತು ಏನು ಹೇಳುತ್ತದೆ ಎನ್ನುವುದು ಇಲ್ಲಿ ಪ್ರಮಾಣವಲ್ಲ, ಕನ್ನಡದ ಬಳಕೆ ಪ್ರಮಾಣ.

ಪದಕ್ಕೆ ಮೊದಲು ಕೆಲಸವನ್ನು ನೋಡಬೇಕು. ಹಾಡಿನ ಸಿ.ಡಿ.ಯಲ್ಲಿ ಫೈಲುಗಳೇ ಇಲ್ಲ. ಫಿಲಿಪ್ಸ್ ಮತ್ತು ಸೋನಿ 1980ರಲ್ಲಿ ರೂಪಿಸಿದ ‘ರೆಡ್ ಬುಕ್’ ನಿಯಮದಂತೆ ಅದರಲ್ಲಿರುವುದು ಸುರುಳಿಯಾಗಿ ಸಾಗುವ ಒಂದೇ ಹರಿವು. ಸೆಕೆಂಡಿಗೆ ಧ್ವನಿಯ 44,100 ಅಳತೆ, ಅಂದರೆ ಮಾದರಿ, ಮಾದರಿಗೆ 16 ಬಿಟ್, ಎಡಕ್ಕೊಂದು ಬಲಕ್ಕೊಂದು ವಾಹಿನಿ. ಯಾವ ಹಾಡು ಎಲ್ಲಿ ಶುರು ಎಂಬ ಪಟ್ಟಿ ಡಿಸ್ಕಿನ ಒಳ ಅಂಚಿನಲ್ಲಿರುತ್ತದೆ. ಡೇಟಾ ಸಿ.ಡಿ.ಯಲ್ಲಾದರೆ ಒಂದು ಸೆಕ್ಟರಿನ, ಅಂದರೆ ದತ್ತಾಂಶದ ಒಂದು ತುಣುಕಿನ, 2,352 ಬೈಟುಗಳಲ್ಲಿ ಸಾಮಾನ್ಯವಾಗಿ 2,048 ಮಾತ್ರ ಸರಕು. ಉಳಿದ ಜಾಗ ಗುರುತಿಗೆ ಮತ್ತು ತಪ್ಪು ತಿದ್ದುವ ಸಂಕೇತಕ್ಕೆ ಮೀಸಲು. ಹಾಡಿನ ಸಿ.ಡಿ.ಯಲ್ಲಿ ಆ 2,352 ಬೈಟುಗಳೂ ಧ್ವನಿಯೇ. ಹಾಗಾಗಿ ಆಳವಾದ ಗೀರು ಬಿದ್ದ ಕಡೆ ಡ್ರೈವ್ ಅಕ್ಕಪಕ್ಕದ ಮಾದರಿಗಳನ್ನು ನೋಡಿ ಊಹಿಸಿ ತುಂಬುತ್ತದೆ, ಕೇಳುವಾಗ ‘ಟಿಕ್’ ಎನ್ನುತ್ತದೆ. ಸಿಡಿಪ್ಯಾರನಾಯಾ, ಎಕ್ಸಾಕ್ಟ್ ಆಡಿಯೊ ಕಾಪಿಯಂತಹ ತಂತ್ರಾಂಶಗಳು ಸಂಶಯ ಬಂದ ಜಾಗವನ್ನು ಮತ್ತೆ ಮತ್ತೆ ಓದಿ, ಓದುಗಳನ್ನು ತಾಳೆ ನೋಡುವುದು ಇದೇ ಕಾರಣಕ್ಕೆ. ಇಷ್ಟೆಲ್ಲ ಆದರೂ ಡಿಸ್ಕಿನಿಂದ ಒಂದು ಕಣವೂ ಕಡಿಮೆಯಾಗುವುದಿಲ್ಲ.

ನಮಗೆ ಬೇಕಾದದ್ದು ಮೂಲವನ್ನು ಇದ್ದಂತೆಯೇ ಉಳಿಸುವ ಕ್ರಿಯಾಪದ. ‘ಸೀಳು’ ಎಂದರೆ ವಸ್ತು ಎರಡಾಗುತ್ತದೆ. ‘ಕೀಳು’ ಎಂದರೆ ಹಲ್ಲು ಬಾಯಲ್ಲಿ ಉಳಿಯುವುದಿಲ್ಲ. ‘ಹಿಂಡು’ ಎಂದರೆ ಸಿಪ್ಪೆ ಉಳಿಯುತ್ತದೆ. ‘ಇಳಿಸು’ ಒಳ್ಳೆಯ ಪದವೇ, ಆದರೆ ಡೌನ್‌ಲೋಡ್ ಅದನ್ನು ಆಗಲೇ ಕೊಂಡೊಯ್ದಿದೆ. ಉಳಿದದ್ದು ‘ತೆಗೆ’. ಫೋಟೊ ತೆಗೆದರೆ ಮುಖ ಎಲ್ಲಿಗೂ ಹೋಗುವುದಿಲ್ಲ. ಅಚ್ಚು ತೆಗೆ, ನಕಲು ತೆಗೆ, ಎಲ್ಲಿಯೂ ಮೂಲಕ್ಕೆ ಧಕ್ಕೆಯಿಲ್ಲ.

ಶಾಸನದ ಪಡಿಯಚ್ಚು ತೆಗೆಯುವುದನ್ನು ನೋಡಿದವರಿಗೆ ನಾನು ಹೇಳುತ್ತಿರುವುದು ತಟ್ಟನೆ ಅರ್ಥವಾಗುತ್ತದೆ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ಗುದ್ದಿ ಅಕ್ಷರದ ಕುಳಿಯೊಳಗೆ ಕೂರಿಸಿ, ಮೇಲೆ ಮಸಿ ಒತ್ತುತ್ತಾರೆ. ಕಾಗದ ಎತ್ತಿದರೆ ಕಪ್ಪಿನ ನಡುವೆ ಬಿಳಿಯ ಅಕ್ಷರ. ಕಲ್ಲು ಕಲ್ಲಾಗಿಯೇ ಇರುತ್ತದೆ. ಸವೆದ ಅಕ್ಷರ ಮೂಡದಿದ್ದರೆ ಇನ್ನೊಂದು ಕಾಗದ, ಇನ್ನೊಂದು ಸಲ. ಗೀರು ಬಿದ್ದ ಡಿಸ್ಕನ್ನು ಮತ್ತೆ ಮತ್ತೆ ಓದುವುದು ಇದೇ ಕೆಲಸ. ಪದ ಸಿದ್ಧವಾಗಿದೆ: ‘ಪಡಿಯಚ್ಚು ತೆಗೆ’.

‘ಕನ್ವರ್ಟ್’ ಬೇರೆಯೇ ಕೆಲಸ, ಅದಕ್ಕೆ ‘ಮಾರ್ಪಡಿಸು’ ಸಾಕು. ಇನ್ನೆರಡು ಎಚ್ಚರಿಕೆಯ ಮಾತು. ಧ್ವನಿಯನ್ನು ಫೈಲಿನ ನಮೂನೆಗೆ ಕೂರಿಸುವ ‘ಎನ್‌ಕೋಡ್’ಗೆ ‘ಗೂಢಲಿಪಿ’ ಎಂದು ದಯವಿಟ್ಟು ಬರೆಯಬೇಡಿ. ಅಲ್ಲಿ ಯಾರಿಂದಲೂ ಏನನ್ನೂ ಮುಚ್ಚಿಡುತ್ತಿಲ್ಲ. ‘ಸಂಕೇತಿಸು’ ಸಾಕು. ಫ್ಲ್ಯಾಕ್ ನಮೂನೆಗೆ ‘ಉತ್ತಮ’, ಎಂಪಿ3ಗೆ ‘ಸಾಧಾರಣ’ ಎಂಬ ಅನುವಾದವನ್ನೂ ಒಂದು ಕಡೆ ಕಂಡಿದ್ದೇನೆ. ಅದು ತಪ್ಪು. ಫ್ಲ್ಯಾಕ್ ಏನನ್ನೂ ಕಳೆಯದೆ ಮಡಚಿಡುತ್ತದೆ. ಎಂಪಿ3 ಕಿವಿಗೆ ಕೇಳಿಸಲಾರದು ಎಂದು ಲೆಕ್ಕ ಹಾಕಿದ್ದನ್ನು ಬಿಸಾಡುತ್ತದೆ. ಎಂಪಿ3ಯನ್ನು ಫ್ಲ್ಯಾಕ್ ಮಾಡಿದರೆ ಗಾತ್ರ ಹಿಗ್ಗುತ್ತದೆಯೇ ಹೊರತು ಬಿಸಾಡಿದ್ದು ಮರಳುವುದಿಲ್ಲ. ‘ನಷ್ಟವಿಲ್ಲದ’, ‘ನಷ್ಟವಿರುವ’ ಎಂದೇ ಬರೆಯಿರಿ.

ಮರು: ‘ರಿಪ್’

‘ಧ್ವನಿ’, ‘ಸಂಕೇತ’, ‘ನಷ್ಟ’, ‘ತಂತ್ರಾಂಶ’. ಇಷ್ಟು ಸಂಸ್ಕೃತ ಸುರಿದ ಮೇಲೆ ಪಡಿಯಚ್ಚು ಒಂದನ್ನು ಕನ್ನಡದಲ್ಲಿಟ್ಟು ಏನು ಬಂತು? ಓದುವವರು ಸಾಮಾನ್ಯ ಜನ. ‘ಧ್ವನಿ’ ಬೇಡ, ‘ದನಿ’ ಎನ್ನಿ. ಈ ಬಗೆಯ ತಂತ್ರಾಂಶಕ್ಕೆ ‘ಹಾಡು ಪರಿವರ್ತಕ’ ಎಂಬ ಹೆಸರು ಎಲ್ಲೆಡೆ ಓಡಾಡುತ್ತಿದೆ, ಅದು ಕನ್ನಡಕ್ಕೆ ಸಂಸ್ಕೃತ ಬೆಸೆದ ಅರಿಸಮಾಸ. ‘ಮಾರ್ಪಡಿಸುಕ’ ಎಂದು ಕಟ್ಟಿ. ನಮ್ಮ ಧಾತು, ನಮ್ಮ ಪ್ರತ್ಯಯ.

ಮರು: ‘ರಿಪ್’

‘ದನಿ’ಯನ್ನು ಒಪ್ಪುತ್ತೇನೆ, ಬಾಯಿಗೆ ಹಗುರ. ಆದರೆ ಅದು ‘ಧ್ವನಿ’ಯ ತದ್ಭವ. ನಾನು ಸೂಚಿಸಿದ ‘ಪಡಿಯಚ್ಚು’ವಿನ ‘ಪಡಿ’ ಕೂಡ ‘ಪ್ರತಿ’ಯ ತದ್ಭವವೇ. ಸಾಲ ತಂದದ್ದನ್ನು ಉಜ್ಜಿ ನಯ ಮಾಡಿದರೆ ಸ್ವಂತವಾಗುತ್ತದೆ, ಹೊಸದಾಗಿ ತಂದರೆ ಮೈಲಿಗೆ ಎನ್ನುವ ನಿಯಮ ನನಗೆ ಒಪ್ಪಿಗೆಯಿಲ್ಲ. ‘ಸಿ.ಡಿ.’ಯನ್ನು ಇಷ್ಟು ಹೊತ್ತು ಯಾರೂ ಪ್ರಶ್ನಿಸಲಿಲ್ಲ ಎನ್ನುವುದನ್ನೂ ಗಮನಿಸಿ.

‘-ಕ’ ಪ್ರತ್ಯಯದ ಬಗ್ಗೆ ಮಾತ್ರ ಬಿಡಲಾರೆ. ಕುಡುಕ, ಕೆಡುಕ, ಸಿಡುಕ, ತಿರುಕ, ತಲೆಹಿಡುಕ. ಆ ಪ್ರತ್ಯಯ ‘-ಉಕ’ ಎಂದು ಕೊನೆಗೊಳ್ಳುವ ಇಂಥ ಕಡೆಯೆಲ್ಲ ಬೈಗುಳದ ವಾಸನೆ ಬರುತ್ತದೆ. ಅಲ್ಲದೆ ಅದು ಮನುಷ್ಯನನ್ನು ಹೇಳುತ್ತದೆ, ಸಾಧನವನ್ನಲ್ಲ. ಸಾಧನಕ್ಕೆ ನಮ್ಮವರು ಇಟ್ಟುಕೊಂಡದ್ದು ಬೇರೆ: ಬಾಚುವುದಕ್ಕೆ ಬಾಚಣಿಗೆ, ಬೀಸುವುದಕ್ಕೆ ಬೀಸಣಿಗೆ. ‘ಮಾರ್ಪಡಿಸುಕ’ ಎಂದು ಪರದೆಯ ಮೇಲೆ ಓದಿದವನಿಗೆ ಕಾಣುವುದು ಕೆಟ್ಟ ಚಟದ ಒಬ್ಬ ಮನುಷ್ಯ.

ಮರು: ‘ರಿಪ್’

ಐದು ಪದ ಆರಿಸಿಕೊಂಡು ಒಂದು ಪ್ರತ್ಯಯಕ್ಕೇ ಮರಣದಂಡನೆ ಕೊಡಬೇಡಿ. ಹೊಸ ಬಳಕೆಯಿಂದ ಹಳೆಯ ವಾಸನೆ ಹೋಗುತ್ತದೆ. ಪ್ರತಿ ಸಲವೂ ‘ರೂಢಿ, ರೂಢಿ’ ಎಂದು ಕನ್ನಡದ ಬಾಗಿಲು ಮುಚ್ಚಿ ಇಂಗ್ಲಿಷಿಗೆ ಹಿತ್ತಿಲು ತೆರೆದಿಡುವುದು ಈ ಗುಂಪಿನ ಹಳೆಯ ಕಾಯಿಲೆ.

ಮರು: ‘ರಿಪ್’

ಬಾಗಿಲು ಮುಚ್ಚಿದವರು ಯಾರೂ ಇಲ್ಲ. ಹಾಡುಗಳು ಟೇಪು ಬಿಟ್ಟು ಸಿ.ಡಿ.ಗೆ ಬಂದ ಮೇಲೂ ಪತ್ರಿಕೆಗಳು ‘ಧ್ವನಿಸುರುಳಿ ಬಿಡುಗಡೆ’ ಎಂದೇ ಬರೆದವು. ಪದ ಉಳಿಯುವುದು ಹೀಗೆ, ಬಳಸುವವರ ಬಾಯಲ್ಲಿ. ಅದನ್ನು ರೂಢಿ ಎನ್ನದೆ ಇನ್ನೇನೆನ್ನಲಿ?

ಮರು: ‘ರಿಪ್’

ಪ್ರಶ್ನೆ ಕೇಳಿದವನು ಮತ್ತೆ ಬರೆಯುತ್ತಿದ್ದೇನೆ. ಎಲ್ಲರಿಗೂ ಕೃತಜ್ಞತೆಗಳು.

‘ತೆಗೆ’ ಒಂದನ್ನೇ ಇಟ್ಟು ನೋಡಿದೆ. ‘4ನೆಯ ಹಾಡನ್ನು ತೆಗೆಯಲಾಗುತ್ತಿದೆ’ ಎಂದು ಪರದೆಯ ಮೇಲೆ ಬಂತು. ಹಾಡು ಅಳಿಸಿ ಹೋಗುತ್ತಿದೆ ಎಂದು ನನಗೇ ಒಂದು ಕ್ಷಣ ಅನ್ನಿಸಿತು. ಆದ್ದರಿಂದ ‘ಪಡಿಯಚ್ಚು’ ಬಿಡುವಂತಿಲ್ಲ. ಗುಂಡಿಯ ಮೇಲೆ ‘ಪಡಿಯಚ್ಚು ತೆಗೆ’ ಒಂದೇ ಸಾಲಿನಲ್ಲಿ ನಿಂತಿತು, ‘ಚ್ಚು’ವಿನ ಒತ್ತೂ ಪೂರ್ತಿ ಕಾಣುತ್ತಿದೆ. ನಡೆಯುವಾಗ ‘4ನೆಯ ಹಾಡಿನ ಪಡಿಯಚ್ಚು ತೆಗೆಯಲಾಗುತ್ತಿದೆ’, ಮುಗಿದಾಗ ‘ಪಡಿಯಚ್ಚು ಸಿದ್ಧ’. ಕನ್ವರ್ಟ್‌ಗೆ ‘ಮಾರ್ಪಡಿಸು’. ‘ದನಿ’ಯನ್ನೂ ತೆಗೆದುಕೊಂಡಿದ್ದೇನೆ. ‘ಮಾರ್ಪಡಿಸುಕ’ ತೆಗೆದುಕೊಂಡಿಲ್ಲ, ಕ್ಷಮಿಸಿ.

ಇನ್ನೊಂದು ಉಳಿದಿದೆ. ಎರಡು ಹಾಡುಗಳ ನಡುವೆ ನಿಶ್ಶಬ್ದದ ಬಿರುಕು ಬರದಂತೆ ನುಡಿಸುವ ಆಯ್ಕೆಗೆ ‘ಗ್ಯಾಪ್‌ಲೆಸ್’ ಎಂದಿದೆ. ‘ಎಡೆಬಿಡದೆ’ ಎಂದು ಬರೆದಿದ್ದೇನೆ. ಆಕ್ಷೇಪವಿದ್ದರೆ ನಾಳೆ ಸಂಜೆಯೊಳಗೆ ತಿಳಿಸಿ.