ಸಹಾಯ ಬೇಕು: ಕಡಲ ತೀರದಲ್ಲಿ ಕೋಣೆ ಎಲ್ಲಿ ಹಿಡಿಯಲಿ?

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಾಲ್ಕು ದಿನ ಸಮುದ್ರ ತೀರಕ್ಕೆ ಹೋಗುತ್ತಿದ್ದೇವೆ. ಜೊತೆಗೆ ಮಂಡಿ ನೋವಿನ ಅಮ್ಮ, ಆರು ವರ್ಷದ ಮಗಳು. ಸ್ವಂತ ವಾಹನವಿಲ್ಲ. ಮರಳಿಗೆ ತಾಗಿದಂತಿರುವ ಕೋಣೆಯೋ, ಎರಡು ಕಿಲೋಮೀಟರ್ ಒಳಗೆ ಬಸ್ ನಿಲ್ದಾಣದ ಪಕ್ಕದ್ದೋ ಎಂದು ತೀರ್ಮಾನಿಸಲು ಆಗುತ್ತಿಲ್ಲ.

ಕಳೆದ ಸಲ ನಕ್ಷೆಯಲ್ಲಿ 300 ಮೀಟರ್ ಎಂದು ನೋಡಿ ಕಾಯ್ದಿರಿಸಿದ್ದೆ. ಹೋಗಿ ನೋಡಿದರೆ ನಡುವೆ ಹಿನ್ನೀರು. ಸೇತುವೆ ಸುತ್ತಿಕೊಂಡು ಬರಲು ಅರ್ಧ ಗಂಟೆ. ಕಾಲು ಹೂತುಹೋಗುವ ಮರಳಿನಲ್ಲಿ ಅಮ್ಮ ಚಪ್ಪಲಿ ಕೈಯಲ್ಲಿ ಹಿಡಿದು, ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದುದು ಇನ್ನೂ ಕಣ್ಣಮುಂದಿದೆ. ಈ ಸಲ ಹಾಗಾಗಬಾರದು.

ಉಬ್ಬರದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಹಾಗಾಗಿ ಮಗಳನ್ನು ನೀರಿಗೆ ಬಿಡುವ ಹೊತ್ತೂ ದಿನದಿನಕ್ಕೆ ಬದಲಾಗುತ್ತದೆ. ನಡುವೆ ಕೋಣೆಗೆ ಬಂದು ಅವಳನ್ನು ಮಲಗಿಸಿ ಮತ್ತೆ ಹೋಗುವಂತಿದ್ದರೆ ಚೆನ್ನ, ಅದಕ್ಕೆ ತೀರದ ಕೋಣೆಯೇ ಅನುಕೂಲ. ಆದರೆ ರಾತ್ರಿ ಜ್ವರ ಬಂದರೆ ಔಷಧಿ ಅಂಗಡಿಗೆ ಹೋಗುವುದು ಹೇಗೆ? ನಾವಿರುವುದು ಹುಣ್ಣಿಮೆಯ ಆಸುಪಾಸಿನಲ್ಲಿ. ಆಗ ಉಬ್ಬರವೂ ಜೋರು.

ವಯಸ್ಸಾದವರನ್ನು, ಮಕ್ಕಳನ್ನು ಕರೆದುಕೊಂಡು ಹೋಗಿ ಬಂದವರು ದಯವಿಟ್ಟು ತಿಳಿಸಿ. ತೀರದಲ್ಲಿ ಸಂಜೆಯ ನಂತರ ಆಟೋ ಸಿಗುತ್ತದೆಯೇ, ಜೀವರಕ್ಷಕರು ಯಾವ ಭಾಗದಲ್ಲಿ ಇರುತ್ತಾರೆ, ಮೆಟ್ಟಿಲು ಎಷ್ಟು ಎಂಬುದನ್ನೆಲ್ಲ ಕಾಯ್ದಿರಿಸುವ ಮೊದಲೇ ಖಚಿತಪಡಿಸಿಕೊಳ್ಳಲು ಯಾರನ್ನು ಕೇಳಬೇಕು? ಭಾನುವಾರದೊಳಗೆ ಮುಂಗಡ ಕಟ್ಟಬೇಕಾಗಿದೆ.