ಇಲಿ, ಮೊಸಳೆ, ಒಂದು ಗಗನನೌಕೆ

"ಚಂದ್ರನ ಮೇಲೆ ಗುಂಡಣ್ಣ, ಚಂದ್ರನ ಮೇಲೆ!" ಅಂದ ಸೀನ.

"ಯಾರಪ್ಪಾ ಹೋದದ್ದು?"

"ಮಿಮಿ! ಪುಚ್ಚೀನಿ ಬರೆದ 'ಲಾ ಬೊಹೆಮ್' ಆಪೆರಾದ ನಾಯಕಿ. 2017ರಲ್ಲಿ ಪ್ಯಾರಿಸ್ ಆಪೆರಾದಲ್ಲಿ ಕ್ಲೌಸ್ ಗೂಟ್ ಮಾಡಿಸಿದ್ದು. ವಿಡಿಯೋ ಸಿಕ್ಕಿತು, ನಿನ್ನೆ ಪೂರ್ತಿ ನೋಡಿದೆ. ಬಡ ಕವಿ, ಬಡ ಚಿತ್ರಕಾರ ಎಲ್ಲ ಗಗನಯಾತ್ರಿಗಳು. ನೌಕೆ ಕೆಟ್ಟು ನಿಂತಿದೆ. ಏನು ಕಾನ್ಸೆಪ್ಟು ಅಂತೀರಿ!"

ಕಾನ್ಸೆಪ್ಟ್ ಅಂತ ಯಾರಾದರೂ ಅಂದರೆ ಸಾಕು, ಗುಂಡಣ್ಣ ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತಾರೆ. ಎಳೆದುಕೊಂಡರು.

"ಸೀನ, ಮೊದಲನೇ ಅಂಕದಲ್ಲಿ ಮಿಮಿ ಬಂದು ಬಾಗಿಲು ತಟ್ಟುತ್ತಾಳಲ್ಲ, ಯಾಕೆ?"

"ಮೇಣದಬತ್ತಿ ಆರಿಹೋಯ್ತು ಅಂತ. ಬೆಂಕಿ ಕೇಳೋಕೆ."

"ನೌಕೆಯೊಳಗೆ ಮೇಣದಬತ್ತಿ ಹಚ್ಚಿದ್ದು ಯಾರು? ಅದು ಕೆಟ್ಟು ನಿಂತದ್ದು ಅದಕ್ಕೇ ಇರಬೇಕು."

"ಅಯ್ಯೋ, ಅದು ನಿಜ ಅಲ್ಲ. ಭ್ರಮೆ. ಆಮ್ಲಜನಕ ಮುಗೀತಾ ಬಂದಿದೆ, ಹಾಗಾಗಿ ಕವಿಗೆ ಹಳೇದೆಲ್ಲ ಕಣ್ಣ ಮುಂದೆ ಬರುತ್ತೆ."

"ಆಮ್ಲಜನಕ ಇಲ್ಲದವನು ತಾರಸ್ಥಾಯಿ ಹಿಡಿದು ನಿಲ್ಲುತ್ತಾನಲ್ಲ, ಅವನ ಶ್ವಾಸಕೋಶಕ್ಕೆ ಅಡ್ಡಬೀಳಬೇಕು."

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಗುಂಡಣ್ಣ, ಇದು ಹೊಸದೇನಲ್ಲ. ಇಟಲಿಯ ಆಪೆರಾ ರಚನೆಕಾರ ವೆರ್ದಿ ಕಾಲದಲ್ಲೂ ಕಥೆ ಊರು ಬಿಟ್ಟು ಊರಿಗೆ ಹೋಗಿದೆ. 'ರಿಗೊಲೆಟ್ಟೊ' ಮೊದಲು ಫ್ರಾನ್ಸಿನ ರಾಜನ ಕಥೆ. 1851ರಲ್ಲಿ ವೆನಿಸ್ಸಿನಲ್ಲಿ ಆಡುವ ಹೊತ್ತಿಗೆ ರಾಜ ಹೋಗಿ ಮಾಂಟುವದ ಡ್ಯೂಕ್ ಬಂದ. 'ಉನ್ ಬಾಲ್ಲೊ ಇನ್ ಮಾಸ್ಕೆರಾ' ಕೂಡ ಹಾಗೇ. ಸ್ವೀಡನ್ನಿನ ಮೂರನೇ ಗುಸ್ತಾವ್‌ಗೆ 1792ರಲ್ಲಿ ಮುಖವಾಡದ ನೃತ್ಯಕೂಟದಲ್ಲೇ ಗುಂಡು ಹೊಡೆದರಲ್ಲ, ಆ ಕಥೆ. ರಾಜನ ಕೊಲೆ ತೋರಿಸೋ ಹಾಗಿಲ್ಲ ಅಂತ ಸೆನ್ಸಾರ್‌ನವರ ತಕರಾರು. 1859ರಲ್ಲಿ ರೋಮಿನಲ್ಲಿ ಪರದೆ ಎದ್ದಾಗ ರಾಜ ಬಾಸ್ಟನ್ನಿನ ಗವರ್ನರ್ ಆಗಿದ್ದ."

"ನೋಡಿ, ನೋಡಿ!" ಸೀನನಿಗೆ ಆನೆಬಲ ಬಂತು.

"ಏನು ನೋಡೋದು?" ಅಂದರು ಗುಂಡಣ್ಣ. "ವೆರ್ದಿಯ ಕತ್ತಿನ ಮೇಲೆ ಸೆನ್ಸಾರ್ ಕೂತಿದ್ದ. ಇವರ ಕತ್ತಿನ ಮೇಲೆ ಯಾರಿದ್ದಾರೆ? ಅದೇ ಆಪೆರಾವನ್ನ 2000ರಲ್ಲಿ ಬಾರ್ಸಿಲೋನಾದಲ್ಲಿ ಕಾಲಿಕ್ಸ್ಟೊ ಬಿಯೇಟೊ ಮಾಡಿಸಿದರು. ಪರದೆ ಎದ್ದರೆ ಪಿತೂರಿಗಾರರೆಲ್ಲ ಸಾಲಾಗಿ ಕಮೋಡಿನ ಮೇಲೆ ಕೂತಿದ್ದಾರೆ! ಸೆನ್ಸಾರ್ ಪಾಪ ಬಾಸ್ಟನ್ನಿಗೆ ಕಳಿಸಿತ್ತು. ನಿರ್ದೇಶಕರು ಸೀದಾ ಕಕ್ಕಸಿಗೆ ಕಳಿಸಿದರು."

ರಾಜಿಗೆ ಇದ್ಯಾವುದೂ ಬೇಡ. ಅವಳಿಗೆ ಬೇಕಾದದ್ದು ಜಗಳ. "ಸುಮ್ನೆ ಕಮೋಡ್ ಗಿಮೋಡ್ ಅಂತ ಕೂತಿದ್ದೀರಿ. ಗಾಯಕಿ ಮರಿಯಾ ಕಾಲಾಸ್ ಕಥೆ ಹೇಳಿ ಮೇಷ್ಟ್ರೇ. 1958ರಲ್ಲಿ ರೋಮಿನಲ್ಲಿ 'ನೊರ್ಮಾ' ಅರ್ಧಕ್ಕೆ ಬಿಟ್ಟು ಹೋದಳಲ್ಲ, ಇಟಲಿಯ ಅಧ್ಯಕ್ಷರೇ ಬಂದು ಕೂತಿದ್ದಾಗ. ಅದು ಸುದ್ದಿ!"

"ಒಂದಂಕ ಹಾಡಿದ್ದಳು. ಗಂಟಲು ಕೈಕೊಟ್ಟಿತ್ತು," ಅಂದರು ಮೇಷ್ಟ್ರು.

"ಗಂಟಲಿಗಿಂತ ಸಿಟ್ಟು ಜಾಸ್ತಿ ಇತ್ತು ಬಿಡಿ. ಆಮೇಲೆ ಮಿಲಾನಿನ ಲಾ ಸ್ಕಾಲಾದಲ್ಲಿ ಆ ಅಲಾಂಯಾ."

ಅಲಾಂಯಾ ಕಥೆ ಅಂದರೆ ನಮಗೆಲ್ಲ ಬಾಯಿಪಾಠ. ಆದರೂ ರಾಜಿ ಹೇಳದೆ ಬಿಡುವವಳಲ್ಲ. 2006ರ ಡಿಸೆಂಬರ್. 'ಐದಾ'. ಆ ರಂಗಮಂದಿರದ ಮೇಲಿನ ಗ್ಯಾಲರಿಯಲ್ಲಿ ಕೂರುವವರು ಭಾರಿ ಖಡಕ್ ಮಂದಿ, ಸ್ವರ ಚೂರು ಅತ್ತಿತ್ತ ಆದರೂ ಕೂಗಿ ಇಳಿಸುತ್ತಾರೆ. ಶುರುವಿನ ಹಾಡು ಮುಗಿಯುತ್ತಲೇ ಕೂಗಿದರು. ನಾಯಕನ ಪಾತ್ರ ಹಾಡುತ್ತಿದ್ದ ರಾಬೆರ್ಟೊ ಅಲಾಂಯಾ ಒಂದು ಸಲಾಮು ಹೊಡೆದು ಹೊರಟೇಹೋದ. ಆರ್ಕೆಸ್ಟ್ರಾ ನುಡಿಸುತ್ತಲೇ ಇದೆ. ರಾಜಕುಮಾರಿ ಅಮ್ನೆರಿಸ್ ಎದುರಿಗೆ ನಿಂತಿದ್ದಾಳೆ, ಮಾತಾಡಿಸೋಕೆ ನಾಯಕನೇ ಇಲ್ಲ. ಬದಲಿ ಗಾಯಕ ಆಂಟೊನೆಲ್ಲೊ ಪಲೊಂಬಿಯನ್ನ ಒಳಗಿಂದ ತಳ್ಳಿದರು. ವೇಷ ಹಾಕೋಕೆ ಎಲ್ಲಿ ಪುರುಸೊತ್ತು? ಇದ್ದ ಮಾಮೂಲಿ ಬಟ್ಟೆಯಲ್ಲೇ ಬಂದು ಹಾಡಿದ. ಸುತ್ತ ಚಿನ್ನ ಬಳಿದ ಈಜಿಪ್ಟು, ನಡುವೆ ಕಪ್ಪು ಷರಟಿನ ಸೇನಾಪತಿ.

"ಅವತ್ತು ಅದನ್ನ ಅವಾಂತರ ಅಂದರು," ಅಂದರು ಗುಂಡಣ್ಣ. "ಇವತ್ತು ಹಾಗೇ ಬಂದರೆ ಕಾನ್ಸೆಪ್ಟ್ ಅಂತಾರೆ."

"ನೀವು ಬರೀ ಗೊಣಗ್ತೀರಿ," ಅಂದ ಸೀನ. "ಜರ್ಮನಿಯಲ್ಲಿ ವಾಗ್ನರ್ ಆಪೆರಾಗಳ ಉತ್ಸವ ನಡೆಯೋ ನಿಮ್ಮ ಬೈರೊಯ್ಟ್‌ನಲ್ಲೇ ಮೊಸಳೆ ಬಂದಿತ್ತು, ಗೊತ್ತಾ?"

ಗೊತ್ತಿಲ್ಲದೆ ಏನು. 2013, ವಾಗ್ನರ್ ಹುಟ್ಟಿ 200 ವರ್ಷ. ಫ್ರಾಂಕ್ ಕಾಸ್ಟೋರ್ಫ್ ಮಾಡಿಸಿದ 'ರಿಂಗ್'. ಸೀಗ್‌ಫ್ರೀಡ್ ಬೆಂಕಿ ದಾಟಿ ಬಂದು ಬ್ರುನ್‌ಹಿಲ್ಡೆಯನ್ನ ಎಬ್ಬಿಸಿ, ಇಬ್ಬರೂ ಪ್ರೇಮದ ತುತ್ತತುದಿಯಲ್ಲಿ ಹಾಡುವಾಗ ಮೊಸಳೆಗಳು ತೆವಳಿಕೊಂಡು ಬಂದವು. ಕೊನೆಯಲ್ಲಿ ಜನ ಕೂಗಿದರು. ಕಾಸ್ಟೋರ್ಫ್ ಹತ್ತು ನಿಮಿಷದ ಹತ್ತಿರ ರಂಗದ ಮೇಲೆ ನಿಂತು ಆ ಕೂಗನ್ನ ಸವಿದರು. ಅಲ್ಲೇ 2010ರಲ್ಲಿ ಹನ್ಸ್ ನಾಯೆನ್‌ಫೆಲ್ಸ್ 'ಲೋಹೆಂಗ್ರಿನ್' ಮಾಡಿಸಿದಾಗ ಮೇಳದವರೆಲ್ಲ ಪ್ರಯೋಗಾಲಯದ ಇಲಿಗಳು.

"ಹಂಸ ಎಳೆಯೋ ದೋಣಿಯಲ್ಲಿ ಬರೋ ವೀರನಿಗೆ ಇಲಿಗಳ ಸ್ವಾಗತ," ಅಂದರು ಗುಂಡಣ್ಣ. "ಸದ್ಯ, ಬೆಕ್ಕು ಎಳೆದುಕೊಂಡು ಬರಲಿಲ್ಲ."

"ಆಮೇಲೆ ಜನಕ್ಕೆ ಆ ಇಲಿಗಳೇ ಇಷ್ಟ ಆದವು!"

"ಆಗಲಿ. ಹಾಡಿದ್ದು ಯಾರು?"

"ಆಂ?"

"ಆ ವರ್ಷ ಲೋಹೆಂಗ್ರಿನ್ ಹಾಡಿದವರು ಯಾರು ಸೀನ?"

ಸೀನ ಫೋನ್ ತಡಕಿದ. ಒಂದರ ಹಿಂದೆ ಒಂದು ಇಲಿಯ ಫೋಟೋ ಬಂತು. ಬಿಳಿ ಇಲಿ, ಕರಿ ಇಲಿ, ಮರಿ ಇಲಿ.

"ಯೋನಾಸ್ ಕೌಫ್‌ಮನ್," ಅಂದರು ಮೇಷ್ಟ್ರು ಮೆಲ್ಲಗೆ.

"ಹೌದಾ? ಅವರೇನಾ?"

"ಅವರೇ. ಅಂಥ ದನಿ ಹಾಡಿದ ರಾತ್ರಿಯಲ್ಲಿ ಉಳಿದದ್ದು ಬಾಲ," ಅಂದರು ಗುಂಡಣ್ಣ. "ಹಿಂದೆ ಸ್ವರ ಜಾರಿದರೆ ಕೂಗುತ್ತಿದ್ದರು. ಅದೂ ಕೆಟ್ಟದ್ದೇ, ಒಪ್ಪುತ್ತೇನೆ. ಆದರೆ ಕೂಗೋಕಾದರೂ ಸ್ವರ ಕೇಳಿಸಿಕೊಳ್ಳಬೇಕಿತ್ತಲ್ಲ. ಈಗ ಸೋಫಾ ಸರಿಯಿಲ್ಲ ಅಂತ ಕೂಗ್ತಾರೆ."

ರಾಜಿ ನಕ್ಕಳು. "ಸತ್ತವಳನ್ನ ಬದುಕಿಸಿದ ಕಥೆ ನೆನಪಿದೆಯಾ? 2018, ಫ್ಲಾರೆನ್ಸ್. 'ಕಾರ್ಮೆನ್' ಆಪೆರಾ. ಕೊನೆಗೆ ಪ್ರಿಯಕರ ಹೊಸೆ ಕಾರ್ಮೆನ್‌ಳನ್ನ ಕೊಲ್ತಾನಲ್ಲ, ಅವಳು ಸಾಯೋದು ಬೇಡ, ಹೆಣ್ಣಿನ ಕೊಲೆಗೆ ಜನ ಚಪ್ಪಾಳೆ ತಟ್ಟೋದು ಬೇಡ ಅಂತ. ಅವಳೇ ಹೊಸೆಯ ಪಿಸ್ತೂಲು ಕಿತ್ತುಕೊಂಡು ಅವನಿಗೆ ಹೊಡೀತಾಳೆ. ಮೊದಲನೇ ಪ್ರಯೋಗದಲ್ಲಿ ಪಿಸ್ತೂಲು ಹಾರಲೇ ಇಲ್ಲ!"

"ಪಾಪ, ಹೊಸೆ ತಾನೇ ಸಾಯಬೇಕಾಯಿತು," ಅಂದ ಸೀನ. "ಆದರೆ ಉದ್ದೇಶ ಒಳ್ಳೇದಲ್ವಾ?"

"ಉದ್ದೇಶಕ್ಕೇನು, ಒಳ್ಳೇದೇ. ಆದರೆ ಬಿಜೆಯ ಆ ಆಪೆರಾದ ಕೊನೆಯಲ್ಲಿ ಇರೋ ಮಾತೇನು? ನನ್ನನ್ನ ಹಿಡಿದುಕೊಂಡು ಹೋಗಿ, ಅವಳನ್ನ ಕೊಂದವನು ನಾನೇ ಅಂತ ಹೊಸೆ ಹಾಡಬೇಕು. ಗುಂಡು ತಿಂದು ಬಿದ್ದವನು, ಎದುರಿಗೆ ಗಟ್ಟಿಮುಟ್ಟಾಗಿ ನಿಂತವಳನ್ನ ಕೊಂದೆ ಅಂತ ಒಪ್ಪಿಕೊಂಡರೆ ಯಾವ ಪೊಲೀಸ್ ದೂರು ಬರೆದುಕೊಳ್ಳುತ್ತಾನೆ?"

ಮೇಷ್ಟ್ರು ನಗಲಿಲ್ಲ. "ಬಿಜೆಗೆ ಈ ಜಗಳ ಯಾವುದೂ ಗೊತ್ತಾಗಲಿಲ್ಲ ನೋಡಿ. 1875ರ ಮಾರ್ಚ್ 3ಕ್ಕೆ ಮೊದಲ ಪ್ರಯೋಗ, ಜನ ಮುಖ ಸಿಂಡರಿಸಿದರು. ಜೂನ್ 3ಕ್ಕೆ ತೀರಿಹೋದ. 36 ವರ್ಷ. ಇಡೀ ಜಗತ್ತು ಇದನ್ನ ಗುನುಗುತ್ತೆ ಅಂತ ಅವನಿಗೆ ಯಾರು ಹೇಳಬೇಕಿತ್ತು?"

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಗುಂಡಣ್ಣನೇ ಶುರು ಮಾಡಿದರು, ದನಿ ಮಾತ್ರ ಇಳಿದಿತ್ತು.

"ಮಿಮಿ ಸಾಯೋದನ್ನ ಪುಚ್ಚೀನಿ ಹೇಗೆ ಬರೆದಿದ್ದಾನೆ ಅಂದರೆ, ಅವಳು ಹೋದದ್ದು ಮೊದಲು ಅವಳ ಪ್ರಿಯಕರ, ಆ ಕವಿ ರೊಡೊಲ್ಫೋಗೆ ಗೊತ್ತೇ ಆಗೋದಿಲ್ಲ. ಅವನು ಕಿಟಕಿ ಹತ್ತಿರ ನಿಂತು, ಅವಳ ಮುಖದ ಮೇಲೆ ಬಿಸಿಲು ಬೀಳದ ಹಾಗೆ ಗೆಳತಿ ಮುಸೆಟ್ಟಾಳ ಮೇಲಂಗಿ ಅಡ್ಡ ಕಟ್ಟುತ್ತಾ ಇರ್ತಾನೆ. ಗೆಳೆಯರಿಗೆ ಗೊತ್ತಾಗಿದೆ, ಯಾರೂ ಬಾಯಿ ಬಿಡಲ್ಲ. ಇವನು ಒಬ್ಬೊಬ್ಬರ ಮುಖ ನೋಡ್ತಾನೆ. ಯಾಕೆ ಹೀಗೆ ಓಡಾಡ್ತೀರಿ, ಯಾಕೆ ಹೀಗೆ ನೋಡ್ತೀರಿ ಅಂತ ಕೇಳ್ತಾನೆ. ಅದು ಹಾಡಲ್ಲ, ಬರೀ ಮಾತು. ಆಮೇಲೆ ಎರಡು ಸಲ ಅವಳ ಹೆಸರು. ಅಷ್ಟೇ."

ರಾಜಿ ಸೆರಗಿನ ಅಂಚಿನಿಂದ ಮೂಗು ಒರೆಸಿಕೊಂಡಳು.

"ಈಗ ಹೇಳು ಸೀನ. ನಿನ್ನ ಚಂದ್ರನ ಮೇಲೆ ಇದು ಬಂದಾಗ ನಿನಗೆ ಅಳು ಬಂತಾ?"

"ಬಂತು ಗುಂಡಣ್ಣ. ಸುಳ್ಳು ಯಾಕೆ ಹೇಳಲಿ, ಚೆನ್ನಾಗೇ ಅತ್ತೆ."

"ಯಾವುದಕ್ಕೆ? ಮಿಮಿಗೋ, ಆಮ್ಲಜನಕಕ್ಕೋ?"

ಸೀನ ತಲೆ ಕೆರೆದುಕೊಂಡ. "ಗೊತ್ತಿಲ್ಲ. ಆ ಹೊತ್ತಿಗೆ ಕಣ್ಣು ಮುಚ್ಚಿಕೊಂಡಿದ್ದೆ."

"ಮುಚ್ಚಿಕೊಂಡಿದ್ದೆಯಾ!" ಗುಂಡಣ್ಣ ಎದ್ದೇ ನಿಂತರು. "ಹಾಗಾದರೆ ಆ ನೌಕೆ ಕಟ್ಟಿದ ಬಡಗಿಗಳಿಗೆ ಯಾರಯ್ಯಾ ಜವಾಬು ಹೇಳೋದು?"