ಸಿಪಿಯು, ಮೆಮೊರಿ ಎರಡೂ ತುಂಬಿ ಕಂಪ್ಯೂಟರ್ ಒದ್ದಾಡುತ್ತಿದೆ, ಏನು ಮಾಡಲಿ?

ಕೇಳಿದವರು:
ಮನೆಯ ಡೆಸ್ಕ್‌ಟಾಪ್‌ಗೆ ಎಂಟು ವರ್ಷ ಆಯ್ತು. ವಿಂಡೋಸ್ 10, 4 ಜಿಬಿ ರ‍್ಯಾಮ್, ಮೊದಲಿಂದ ಇರೋ ಹಾರ್ಡ್ ಡಿಸ್ಕ್. ಆನ್ ಮಾಡಿ ಹತ್ತು ನಿಮಿಷ ಕಾಯದೆ ಒಂದು ಫೋಲ್ಡರ್ ಕೂಡ ತೆರೆಯಲ್ಲ. ಯಾವ ಪ್ರೋಗ್ರಾಂ ಎಷ್ಟು ಬಳಸ್ತಿದೆ ಅಂತ ತೋರಿಸೋ ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು (ಪ್ರೊಸೆಸರ್) ಶೇಕಡಾ 90ರ ಮೇಲೆ, ಮೆಮೊರಿ (ಅಂದರೆ ರ‍್ಯಾಮ್) ಶೇಕಡಾ 88 ತೋರಿಸ್ತಿದೆ. ಮಗಳ ಪ್ರಾಜೆಕ್ಟ್ ಕೆಲಸ ಇದರಲ್ಲೇ ಆಗಬೇಕು. ಫಾರ್ಮ್ಯಾಟ್ ಮಾಡಿಸಲಾ, ಹೊಸದೇ ತಗೊಳ್ಳಲಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಮೊದಲ ಉತ್ತರ:
ಮೇಡಂ, ಫಾರ್ಮ್ಯಾಟ್‌ಗೆ ಈಗಲೇ ಕೈ ಹಾಕಬೇಡಿ. ನಾನು ಇಂಥದ್ದೇ ಮಷೀನನ್ನು ಎರಡು ಸಲ ಫಾರ್ಮ್ಯಾಟ್ ಮಾಡಿದ್ದೆ. ಎರಡು ಸಲವೂ ಹದಿನೈದು ದಿನ ಚುರುಕಾಗಿತ್ತು, ಆಮೇಲೆ ಮತ್ತೆ ಅದೇ ಪಾಡು. ಸಿಪಿಯು, ಮೆಮೊರಿ ಎರಡೇ ನೋಡ್ತಾ ಕೂತಿದ್ದೆ, ಪಕ್ಕದಲ್ಲೇ ಇದ್ದ ಡಿಸ್ಕ್ ಕಾಲಮ್ ನೋಡಿರಲಿಲ್ಲ. ಅದು 100ರಲ್ಲಿ ನಿಂತುಬಿಟ್ಟಿತ್ತು.

ಈ ಮೂರೂ ಒಂದಕ್ಕೊಂದು ತಗಲಿಕೊಂಡಿರುತ್ತವೆ. ರ‍್ಯಾಮ್ ಸಾಲದೆ ಬಂದಾಗ ವಿಂಡೋಸ್ ಅದರಲ್ಲಿರೋದನ್ನು ಒಂದಿಷ್ಟು ಒತ್ತಿ ಚಿಕ್ಕದು ಮಾಡಿ ಇಡುತ್ತೆ, ಆ ಒತ್ತುವ ಕೆಲಸ ಸಿಪಿಯು ತಲೆ ಮೇಲೆ ಬೀಳುತ್ತೆ. ಅಷ್ಟಕ್ಕೂ ಸಾಲದಿದ್ದರೆ ಡಿಸ್ಕ್‌ನಲ್ಲಿರೋ ಪೇಜ್ ಫೈಲ್‌ಗೆ ಬರೆದಿಟ್ಟು, ಬೇಕಾದಾಗ ವಾಪಸ್ ಓದುತ್ತೆ. ಹಾರ್ಡ್ ಡಿಸ್ಕ್ ಅಂದರೆ ಒಳಗೆ ತಿರುಗುವ ತಟ್ಟೆ, ಅದರ ಮೇಲೆ ಅತ್ತಿತ್ತ ಓಡಾಡುವ ಮುಳ್ಳು. ಚೂರುಪಾರು ಡೇಟಾಗಾಗಿ ಅದು ಅಲೆಯುತ್ತಿರುವಾಗ ನೀವು ಎಷ್ಟು ಕ್ಲಿಕ್ ಮಾಡಿದರೂ ಪರದೆ ಅಲ್ಲಾಡಲ್ಲ.

ಹಾಗಾಗಿ ಮೊದಲು ಯಾವುದು ತಿನ್ನುತ್ತಿದೆ ಅಂತ ಹಿಡಿಯಿರಿ. ಆನ್ ಮಾಡಿದ ತಕ್ಷಣದ ಅಂಕಿ ನಂಬಬೇಡಿ. ಅಪ್‌ಡೇಟ್, ಡಿಫೆಂಡರ್ (ವಿಂಡೋಸ್ ಜೊತೆಗೇ ಬರೋ ಆಂಟಿವೈರಸ್), ಹುಡುಕಾಟದ ಇಂಡೆಕ್ಸ್ ಎಲ್ಲ ಆಗಲೇ ಎದ್ದು ಕೂರೋದು. ಕಾಲು ಗಂಟೆ ಬಿಟ್ಟು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್ ತೆರೆಯುತ್ತೆ. ಸಿಪಿಯು ಅನ್ನೋ ತಲೆಬರಹದ ಮೇಲೆ ಕ್ಲಿಕ್ ಮಾಡಿದರೆ ಹೆಚ್ಚು ತಿನ್ನೋದು ಮೇಲಕ್ಕೆ ಬರುತ್ತೆ. ಆಮೇಲೆ ಮೆಮೊರಿ, ಆಮೇಲೆ ಡಿಸ್ಕ್, ಹೀಗೇ ನೋಡಿ. ಡೀಟೇಲ್ಸ್ ಪುಟದಲ್ಲಿ ‘ಸಿಸ್ಟಮ್ ಐಡಲ್ ಪ್ರಾಸೆಸ್’ 95 ಅಂತ ಕಂಡರೆ ಗಾಬರಿ ಬೇಡ, ಸಿಪಿಯು ಅಷ್ಟು ಪಾಲು ಖಾಲಿ ಕೂತಿದೆ ಅಂತ ಅದರ ಅರ್ಥ.

ಆಮೇಲೆ ಅದರಲ್ಲೇ ಸ್ಟಾರ್ಟ್‌ಅಪ್ ಪುಟ, ಕಂಪ್ಯೂಟರ್ ಆನ್ ಆದಾಗ ತಾನಾಗಿ ಏಳೋ ಆ್ಯಪ್‌ಗಳ ಪಟ್ಟಿ ಅದು. ನನ್ನದರಲ್ಲಿ ಹದಿನಾಲ್ಕು ಇದ್ದವು. ಎಂದೋ ಬಿಸಾಕಿದ ಪ್ರಿಂಟರ್‌ನ ಸಹಾಯಕ ತಂತ್ರಾಂಶ, ಫೈಲ್ ಸಿಂಕ್ ಮಾಡೋವು ಎರಡು, ವೀಡಿಯೊ ಕಾಲ್ ಆ್ಯಪ್ ಮೂರು. ಆಂಟಿವೈರಸ್, ಧ್ವನಿಗೆ ಸಂಬಂಧಿಸಿದ್ದು ಬಿಟ್ಟು ಉಳಿದದ್ದು ಡಿಸೇಬಲ್ ಮಾಡಿದೆ. ಆ್ಯಪ್ ಎಲ್ಲೂ ಹೋಗಲ್ಲ, ತಾನಾಗಿ ಏಳೋದು ನಿಲ್ಲುತ್ತೆ ಅಷ್ಟೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರಲ್ಲ. ವಿಂಡೋಸ್ 10ರಲ್ಲಿ ಫಾಸ್ಟ್ ಸ್ಟಾರ್ಟ್‌ಅಪ್ ಆನ್ ಇದ್ದರೆ ಶಟ್ ಡೌನ್ ಮಾಡಿದಾಗ ಅದು ಪೂರ್ತಿ ಆರಲ್ಲ. ಒಳಭಾಗವನ್ನು ಡಿಸ್ಕ್‌ಗೆ ಬರೆದಿಟ್ಟು ಮಲಗುತ್ತೆ, ಮಾರನೇ ದಿನ ಅದನ್ನೇ ಎಬ್ಬಿಸುತ್ತೆ. ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಒತ್ತಿ, ಕೆಳಗೆ ‘ಅಪ್ ಟೈಮ್’ (ಕೊನೆಯ ಸಲ ಹೊಸದಾಗಿ ಶುರುವಾಗಿ ಎಷ್ಟು ಹೊತ್ತಾಯ್ತು ಅನ್ನೋದು) ನೋಡಿ. ವಾರಗಟ್ಟಲೆ ತೋರಿಸಿದರೆ ರೀಸ್ಟಾರ್ಟ್ ಕೊಡಿ, ಅದು ನಿಜವಾಗಿ ಹೊಸದಾಗಿ ಶುರು ಮಾಡುತ್ತೆ.

ಇಷ್ಟಾದರೂ ಡಿಸ್ಕ್ 100ರಲ್ಲೇ ಇದ್ದರೆ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದೆ ಚಿಪ್‌ನಲ್ಲೇ ಡೇಟಾ ಇಡುವ ವೇಗದ ಡಿಸ್ಕ್) ಹಾಕಿಸಿ. ನನ್ನ ಮಷೀನ್ ಆನ್ ಆಗೋ ಹೊತ್ತು ಆರು ನಿಮಿಷದಿಂದ ಮೂವತ್ತು ಸೆಕೆಂಡಿಗೆ ಇಳಿದದ್ದು ಅದರಿಂದಲೇ. ರ‍್ಯಾಮ್ 8 ಜಿಬಿ ಮಾಡಿದ್ದು ಆಮೇಲೆ. ರ‍್ಯಾಮ್ ತಗೊಳ್ಳೋ ಮುಂಚೆ ನಿಮ್ಮ ಮಷೀನ್‌ಗೆ ಡಿಡಿಆರ್3 ಬೇಕೋ ಡಿಡಿಆರ್4 ಬೇಕೋ (ರ‍್ಯಾಮ್‌ನ ಎರಡು ಪೀಳಿಗೆಗಳು) ನೋಡ್ಕೊಳ್ಳಿ. ಎರಡರ ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತೆ, ಒಂದರ ಸ್ಲಾಟ್‌ಗೆ ಇನ್ನೊಂದು ಕೂರಲ್ಲ.

ಎರಡನೇ ಉತ್ತರ:
ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಸಿಪಿಯು ಒಂದೇ ಸಮನೆ 90 ಇದೆ ಅಂದರೆ ನಾನು ಬಿಸಿ ಎಷ್ಟಿದೆ ಅಂತಲೂ ನೋಡ್ತೀನಿ. ನಮ್ಮ ಅಣ್ಣನ ಮಷೀನ್ ಹೀಗೇ ಆಗಿತ್ತು. ಪರ್ಫಾರ್ಮೆನ್ಸ್ ಪುಟದಲ್ಲಿ ಬೇಸ್ ಸ್ಪೀಡ್ 3.2 ಗಿಗಾಹರ್ಟ್ಸ್, ಓಡ್ತಾ ಇದ್ದದ್ದು ಮಾತ್ರ 0.8. ವಿಪರೀತ ಬಿಸಿಯಾದಾಗ ಸಿಪಿಯು ತನ್ನನ್ನು ಉಳಿಸಿಕೊಳ್ಳೋಕೆ ವೇಗ ಇಳಿಸುತ್ತೆ, ಆಗ ಚಿಕ್ಕ ಕೆಲಸಕ್ಕೂ ಶೇಕಡಾವಾರು ಮೇಲಕ್ಕೇರುತ್ತೆ. ಪಕ್ಕದ ಮುಚ್ಚಳ ತೆಗೆದರೆ ಫ್ಯಾನ್ ಕೆಳಗಿನ ಅಲ್ಯೂಮಿನಿಯಂ ರೆಕ್ಕೆಗಳೇ ಕಾಣ್ತಿರಲಿಲ್ಲ, ಧೂಳು ಕಂಬಳಿ ಹಾಗೆ ಹೆಪ್ಪುಗಟ್ಟಿತ್ತು. ಸಿಪಿಯು ಬಿಸಿಯನ್ನು ಆ ರೆಕ್ಕೆಗಳಿಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿದ ಸುಣ್ಣದಂತೆ ಪುಡಿಪುಡಿ. ಒರೆಸಿ ಹೊಸದು ಹಚ್ಚಿದ ಮೇಲೆ ಅದೇ ಬ್ರೌಸರ್, ಅದೇ ಟ್ಯಾಬ್‌ಗಳಿಗೆ ಸಿಪಿಯು 25 ದಾಟಲಿಲ್ಲ. ಧೂಳು ಊದುವಾಗ ಕರೆಂಟ್ ತೆಗೆದಿರಿ, ಫ್ಯಾನ್ ತಿರುಗದ ಹಾಗೆ ಬೆರಳಿಟ್ಟು ಹಿಡ್ಕೊಳ್ಳಿ.

ಮೂರನೇ ಉತ್ತರ:
ರ‍್ಯಾಮ್ ಖಾಲಿ ಮಾಡ್ತೀವಿ, ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡೋ ಜಾಗ) ತೊಳೀತೀವಿ ಅನ್ನೋ ತಂತ್ರಾಂಶ ಯಾವುದನ್ನೂ ಹಾಕ್ಕೋಬೇಡಿ. ಅದೂ ಒಂದು ಮೂಲೆಯಲ್ಲಿ ಕೂತು ಮೆಮೊರಿ ತಿನ್ನುತ್ತೆ. ಎರಡು ಆಂಟಿವೈರಸ್ ಇದ್ದರೆ ಒಂದನ್ನು ತೆಗೀರಿ. ಏನೂ ಮಾಡದೆ ಬಿಟ್ಟಾಗ ಫ್ಯಾನ್ ಜೋರಾಗಿ ಕೂಗಿ, ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ತಣ್ಣಗಾದರೆ ಕದ್ದು ಕ್ರಿಪ್ಟೋ ನಾಣ್ಯ ಗಣಿ ಮಾಡೋ ಮಾಲ್‌ವೇರ್ ಇರಬಹುದು. ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ (ವಿಂಡೋಸ್ ಏಳುವ ಮುಂಚೆಯೇ ನಡೆಯೋ ತಪಾಸಣೆ) ಓಡಿಸಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಹಣ ಹಾಕೋ ಮುಂಚೆ ನಿಮ್ಮ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿದೆಯಾ, ಟಿಪಿಎಂ 2.0 (ಅದಕ್ಕೆ ಬೇಕಾದ ಭದ್ರತೆಯ ಚಿಪ್) ಇದೆಯಾ ನೋಡಿ.

ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಮಗಳ ಜೊತೆ ಕೂತು ಒಂದೊಂದೇ ನೋಡಿದೆ. ಅಪ್ ಟೈಮ್ 23 ದಿನ! ರೀಸ್ಟಾರ್ಟ್ ಮಾಡಿ, ಸ್ಟಾರ್ಟ್‌ಅಪ್‌ನಲ್ಲಿ ಒಂಬತ್ತು ನಿಲ್ಲಿಸಿದ ಮೇಲೆ ಮೆಮೊರಿ 61ಕ್ಕೆ, ಸಿಪಿಯು 20ರ ಆಸುಪಾಸಿಗೆ ಬಂತು. ಡಿಸ್ಕ್ ಮಾತ್ರ ಇಳೀತಾನೇ ಇಲ್ಲ. ಎಸ್‌ಎಸ್‌ಡಿ ಹಾಕಿಸೋಣ ಅಂತಿದ್ದೀನಿ. ಹಳೇ ಡಿಸ್ಕ್‌ನಲ್ಲಿ ಮಗಳು ಹುಟ್ಟಿದಾಗಿನಿಂದ ತೆಗೆದ ಫೋಟೋ ಇವೆ, ಅವಕ್ಕೇನೂ ಆಗಲ್ವಾ?

ಮೊದಲ ಉತ್ತರ ಕೊಟ್ಟವರು:
ಮೇಡಂ, ಹಾಗಾದರೆ ಇವತ್ತೇ ಫೋಟೋಗಳನ್ನು ಎಕ್ಸ್‌ಟರ್ನಲ್ ಡಿಸ್ಕ್‌ಗೆ ಕಾಪಿ ಮಾಡಿ, ಉಳಿದದ್ದೆಲ್ಲ ಆಮೇಲೆ. ಸದಾ 100 ತೋರಿಸೋ ಹಳೇ ಡಿಸ್ಕ್ ಸಾಯೋ ಹಾದಿಯಲ್ಲೂ ಇರಬಹುದು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಉಚಿತ ತಂತ್ರಾಂಶದಲ್ಲಿ ಅದರ ಆರೋಗ್ಯ ಕಾಣುತ್ತೆ, ನೀಲಿ ಬದಲು ಹಳದಿ ಬಂದರೆ ತಡ ಮಾಡಬೇಡಿ. ಕಾಪಿ ಆದ ಮೇಲೆ ನಾಲ್ಕೈದು ಫೋಟೋ ತೆರೆದು ನೋಡಿ. ಎಸ್‌ಎಸ್‌ಡಿ ಕೂತ ಮೇಲೂ ಹಳೇದನ್ನು ಅಳಿಸದೆ ಒಂದು ತಿಂಗಳು ಹಾಗೇ ಎತ್ತಿಡಿ.